ಊರ ಮನೆ ರಾತ್ರಿಯೂ ಕುದಿಯುತ್ತಿದೆ: ಎಸಿ ಹಾಕಿಸುವುದಾ, ಬೇರೆ ದಾರಿ ಇದೆಯಾ?

ಕಾಗಿಣಾ ದಂಡೆ

ಎಲ್ಲರಿಗೂ ನಮಸ್ಕಾರ. ಸೇಡಂ ತಾಲೂಕಿನ ಒಂದು ಹಳ್ಳಿ ನಮ್ಮದು. ನಾನಿರುವುದು ಬೆಂಗಳೂರಲ್ಲಿ, ಊರಲ್ಲಿ ಅಪ್ಪ ಅವ್ವ ಇಬ್ಬರೇ. ಅಪ್ಪನಿಗೆ ಎಪ್ಪತ್ತು ದಾಟಿದೆ, ಬಿಪಿ ಇದೆ. ಅವ್ವನಿಗೆ ಶುಗರ್, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಈಗ ಮಧ್ಯಾಹ್ನ 43, 44 ಡಿಗ್ರಿ ನಡೆದಿದೆ. ಹಗಲು ಹೇಗೋ ಕಳೆಯುತ್ತಾರೆ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಫ್ಯಾನ್ ಹಾಕಿದರೆ ಒಲೆ ಮುಂದೆ ಕೂತ ಹಾಗಾಗುತ್ತದೆ ಅನ್ನುತ್ತಾರೆ ಅವ್ವ.

ಮೊದಲು ಪೂರ್ತಿ ಮಾಳಿಗೆ ಮನೆ (ಮಣ್ಣಿನ ಸೂರಿನ ಹಳೇ ಮನೆ) ಇತ್ತು. ಹಿಂದಿನ ಅರ್ಧ ಹಾಗೇ ಬಿಟ್ಟು, ಮುಂದಿನ ಅರ್ಧ ಕೆಡವಿ ಆರ್‌ಸಿಸಿ ಹಾಕಿಸಿದ್ದೇವೆ. ಒಂದು ಹಾಲ್, ಎರಡು ರೂಮು. ಮಲಗುವ ರೂಮು ಪಶ್ಚಿಮಕ್ಕೆ ಬಂದಿದೆ. ಒಂದೂವರೆ ಟನ್ ಎಸಿ ಹಾಕಿಸಿಬಿಡೋಣ ಅಂತ ನಾನು. "ನಾವೇನು ಬಿಸಿಲು ಹೊಸದಾಗಿ ನೋಡ್ತಿದ್ದೀವಾ? ದುಡ್ಡು ಜಾಸ್ತಿ ಆಗಿದ್ರೆ ಬೋರಿಗೆ ಹೊಸ ಮೋಟರ್ ಹಾಕಿಸು" ಅಂತ ಅಪ್ಪ. ಹಳ್ಳಿ ಮನೆಯಲ್ಲಿ ಬೇಸಿಗೆ ಕಳೆದು ಗೊತ್ತಿರುವವರು ಹೇಳಿ.

ಹೊಸಪೇಟೆ ಕಡೆಯವ

ಎಸಿ ಹಾಕಿಸಿ ಅಣ್ಣ, ಯೋಚನೆ ಮಾಡಬೇಡಿ. ವಯಸ್ಸಾದವರ ವಿಷಯದಲ್ಲಿ ಲೆಕ್ಕಾಚಾರ ಬೇಡ.

ಗಾರೆ ಕೆಲಸ ಯಾದಗಿರಿ

ಎಸಿ ಹಾಕಿಸುವುದು ಬಿಡುವುದು ಆಮೇಲಿನ ಮಾತು. ಮೊದಲು ನಿಮ್ಮ ತಲೆ ಮೇಲಿರುವ ಸ್ಲ್ಯಾಬ್ ನೋಡಿ. ಐದು ಇಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಆ ಕಾವು ಕೆಳಗೆ ಇಳಿಯಲು ಮೂರ್ನಾಲ್ಕು ತಾಸು ಬೇಕು. ಹಾಗಾಗಿ ಎರಡು ಗಂಟೆಯ ಬಿಸಿಲು ನಿಮ್ಮ ಅಪ್ಪ ಅವ್ವನಿಗೆ ಸಿಗುವುದು ಸಂಜೆ ಐದಾರಕ್ಕೆ, ಊಟ ಮಾಡಿ ಮಲಗುವ ಹೊತ್ತಿಗೂ ಅದು ಆರಿರುವುದಿಲ್ಲ. ಫ್ಯಾನ್ ಆ ಸೂರಿನ ಕಾವನ್ನೇ ಎಳೆದು ಹಾಸಿಗೆ ಮೇಲೆ ಹಾಕುತ್ತದೆ. ಎಸಿ ಹಾಕಿದರೂ ರಾತ್ರಿಯೆಲ್ಲ ಅದು ಸ್ಲ್ಯಾಬ್ ಜೊತೆಗೇ ಗುದ್ದಾಡಬೇಕು.

ಅಗ್ಗದ ದಾರಿ ಅಂದರೆ ಸುಣ್ಣ. ಸ್ಲ್ಯಾಬ್ ಮೇಲೆ ಚೆನ್ನಾಗಿ ಗುಡಿಸಿ ತೊಳೆದು, ಒಣಗಿದ ಮೇಲೆ ಸಂಜೆ ಹೊತ್ತಲ್ಲಿ ಎರಡು ಮೂರು ಕೋಟ್ ಹೊಡೆಯಿರಿ. ಹಿಂದಿನ ರಾತ್ರಿಯೇ ಸುಣ್ಣದ ಕಲ್ಲು ನೀರಿಗೆ ಹಾಕಿ ಅರಳಿಸಬೇಕು. ಹಾಕಿದ ಕೂಡಲೇ ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ ತೆಗೆದುಕೊಳ್ಳಿ. ಕಣ್ಣಿಗೆ ಸಿಡಿದರೆ ಭಾರಿ ಅಪಾಯ, ಮಕ್ಕಳನ್ನು ಹತ್ತಿರ ಬಿಡಬೇಡಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಹಿಡಿದುಕೊಳ್ಳಲಿ ಅಂತ ಸ್ವಲ್ಪ ಫೆವಿಕಾಲ್ ಸೇರಿಸಿ. ಒಳಗೆ 2ರಿಂದ 5 ಡಿಗ್ರಿ ಇಳಿಯುತ್ತದೆ. ಮಳೆಗಾಲ ಕಳೆಯುವ ಹೊತ್ತಿಗೆ ಅರ್ಧ ತೊಳೆದು ಹೋಗಿರುತ್ತದೆ, ಮುಂದಿನ ಮಾರ್ಚ್‌ಗೆ ಮತ್ತೆ ಹೊಡೆಯಬೇಕು ಅಷ್ಟೇ. ಜಾಸ್ತಿ ವರ್ಷ ಬರಬೇಕು ಅಂದರೆ ಅಂಗಡಿಯಲ್ಲಿ ಕೂಲ್ ರೂಫ್ ಪೇಂಟ್ ಸಿಗುತ್ತದೆ, ದುಡ್ಡು ಜಾಸ್ತಿ. ನಿಮ್ಮ ಪಕ್ಕದ ತೆಲಂಗಾಣದಲ್ಲಿ ಇದಕ್ಕೆ 2023ರಲ್ಲೇ ಸರಕಾರಿ ನೀತಿ ಬಂದಿದೆ.

ಇನ್ನೊಂದು, ಪಶ್ಚಿಮದ ಕಿಟಕಿ. ಒಳಗೆ ಪರದೆ ಹಾಕಿದರೆ ಗಾಜು ದಾಟಿ ಬಂದ ಬಿಸಿಲು ಒಳಗೇ ಉಳಿಯುತ್ತದೆ. ಹೊರಗಿನಿಂದ ಮುಚ್ಚಬೇಕು. ತಟ್ಟಿ, ಗೋಣಿ ಚೀಲ, ಹಸಿರು ನೆಟ್ ಯಾವುದಾದರೂ ಸರಿ.

ಕಾಗಿಣಾ ದಂಡೆ

ಸುಣ್ಣದ ವಿಷಯ ಒಳ್ಳೆಯದು. ಎಸಿ ಬಗ್ಗೆ ಇನ್ನೊಂದು ತೊಡಕಿದೆ. ಸಂಜೆ ಆರರಿಂದ ಹತ್ತರವರೆಗೆ ಊರಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ, ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತದೆ. ಕಳೆದ ವಾರ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಎರಡು ರಾತ್ರಿ ಕತ್ತಲೆ. ಇನ್ವರ್ಟರ್ ಇದೆ, ಎರಡು ಫ್ಯಾನು ಎರಡು ಲೈಟಿಗೆ ಸಾಕು.

ತುಂಗಭದ್ರಾ ಎಡದಂಡೆ

ಹಾಗಾದರೆ ಉತ್ತರ ನೀವೇ ಹೇಳಿದಿರಿ. ಒಂದೂವರೆ ಟನ್ ಎಸಿ ಒಂದೂವರೆ ಸಾವಿರ ವಾಟ್ ಹತ್ತಿರ ಎಳೆಯುತ್ತದೆ. ನಿಮಗೆ ಬೇಕಾದ ಹೊತ್ತಲ್ಲೇ ಅದು ಏಳುವುದಿಲ್ಲ. ಕೂಲರ್ 150ರಿಂದ 200 ವಾಟ್‌ನಲ್ಲಿ ನಡೆಯುತ್ತದೆ. ಇನ್ವರ್ಟರ್ ಮೇಲೆ ನಡೆಯುವಂಥದ್ದು ಕೇಳಿ ತೆಗೆದುಕೊಳ್ಳಿ.

ಆದರೆ ಜನ ಕೂಲರ್ ಇಡುವ ರೀತಿ ನೋಡಿದರೆ ನಗು ಬರುತ್ತದೆ. ಎಲ್ಲ ಬಾಗಿಲು ಮುಚ್ಚಿ ರೂಮಿನ ನಡುವೆ ಇಟ್ಟುಕೊಳ್ಳುತ್ತಾರೆ. ಅರ್ಧ ತಾಸಿಗೆ ರೂಮೆಲ್ಲ ಜಿಗಿಜಿಗಿ. ಆಮೇಲೆ "ಕೂಲರ್ ಕೆಲಸಕ್ಕೆ ಬಾರದ್ದು" ಅನ್ನುತ್ತಾರೆ. ಅದರ ಬೆನ್ನು ಕಿಟಕಿಗೆ ಇರಬೇಕು, ಹೊರಗಿನ ಒಣ ಗಾಳಿ ಎಳೆಯಬೇಕು. ಎದುರಿಗೆ ಒಂದು ಕಿಟಕಿ ಅಥವಾ ಬಾಗಿಲು ನಾಲ್ಕು ಬೆರಳು ತೆರೆದಿರಬೇಕು. ಒದ್ದೆ ಗಾಳಿ ಹೊರಗೆ ಹೋದರೆ ಮಾತ್ರ ತಂಪು.

ಬೋರ್ ನೀರು ಗಡುಸು ಇದ್ದರೆ ಪ್ಯಾಡಿಗೆ ಬಿಳಿ ಉಪ್ಪು ಕಟ್ಟುತ್ತದೆ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ಟ್ಯಾಂಕ್ ಉಜ್ಜಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ಮನೆ ಕಟ್ಟಿಕೊಟ್ಟಂತೆ. ನೀರು ಹಾಕುವ ಮುಂಚೆ ಪ್ಲಗ್ ಕಿತ್ತೇ ಹಾಕಬೇಕು ಅಂತ ಅವ್ವನಿಗೆ ಬಿಡಿಸಿ ಹೇಳಿ. ಅರ್ಥಿಂಗ್ ಸರಿ ಇದೆಯಾ ಅಂತ ಲೈನ್‌ಮನ್ ಅಲ್ಲ, ವೈರಿಂಗ್ ಗೊತ್ತಿರುವವರಿಂದ ನೋಡಿಸಿ. ಪ್ರತಿ ಬೇಸಿಗೆಯಲ್ಲೂ ಕೂಲರ್ ಮುಟ್ಟಿ ಶಾಕ್ ಹೊಡೆದ ಸುದ್ದಿ ಬರುತ್ತದೆ, ಅಲ್ವಾ?

ಕುಂದಾಪ್ರ ಬದಿ

ನಮ್ಮಲ್ಲಿ ಕೂಲರ್ ತಂದು ಎರಡೇ ದಿನಕ್ಕೆ ಅಟ್ಟಕ್ಕೆ ಹಾಕಿದೆವು. 36 ಡಿಗ್ರಿಗೇ ಬೆವರು ಒರೆಸಿ ಒರೆಸಿ ಸಾಕಾಗುತ್ತದೆ. 44ರಲ್ಲಿ ನೀವು ಹೇಗೆ ಬದುಕುತ್ತೀರೋ ಮಾರಾಯ್ರೆ.

ತುಂಗಭದ್ರಾ ಎಡದಂಡೆ

ನಿಮ್ಮಲ್ಲಿ ಗಾಳಿಯಲ್ಲೇ ನೀರು ತುಂಬಿದೆ, ಮತ್ತೆ ನೀರು ಆರುವುದು ಎಲ್ಲಿಂದ? ಬೆವರೂ ಆರುವುದಿಲ್ಲ, ಕೂಲರ್ ನೀರೂ ಆರುವುದಿಲ್ಲ. ಹವಾಮಾನ ಇಲಾಖೆಯವರು ಬಯಲು ಸೀಮೆಗೆ 40 ದಾಟಿದರೆ ಬಿಸಿಗಾಳಿಯ ಲೆಕ್ಕ ಹಾಕುತ್ತಾರೆ, ಕರಾವಳಿಗೆ 37ಕ್ಕೇ ಶುರು. ಎರಡೂ ಕಡೆ ಆ ದಿನಗಳ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿಯಾದರೂ ಜಾಸ್ತಿ ಇರಬೇಕು. 45 ಮುಟ್ಟಿತು ಅಂದರೆ ಬಯಲು ಸೀಮೆಯಲ್ಲಿ ಹೋಲಿಕೆಯೇ ಬೇಕಿಲ್ಲ, ನೇರ ಬಿಸಿಗಾಳಿ.

ನರ್ಸಕ್ಕ ರಾಯಚೂರು

ಎಲ್ಲರೂ ಮನೆ ತಂಪು ಮಾಡುವ ಮಾತಾಡುತ್ತಿದ್ದೀರಿ. ಮನೆಯೊಳಗಿರುವ ಇಬ್ಬರ ಬಗ್ಗೆ ನಾನು ಹೇಳುತ್ತೇನೆ.

ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. "ನೀರಡಿಕೆ ಆದಾಗ ಕುಡೀತೀನಿ ಬಿಡು" ಅನ್ನುವ ಮಾತು ನಂಬಬೇಡಿ. ಮೂತ್ರದ ಬಣ್ಣ ಕೇಳಿ. ಗಾಢ ಹಳದಿ ಇದ್ದರೆ ನೀರು ಸಾಲುತ್ತಿಲ್ಲ. ಹೆಂಗಸರ ವಿಷಯದಲ್ಲಿ ಇನ್ನೊಂದು ಇದೆ. ಪಾಯಖಾನೆ ದೂರ ಇದ್ದರೆ, ರಾತ್ರಿ ಹೊರಗೆ ಹೋಗಬೇಕಾಗಿದ್ದರೆ, ಬೇಕಂತಲೇ ನೀರು ಕಡಿಮೆ ಕುಡಿಯುತ್ತಾರೆ. ಬಾಯಿ ಬಿಟ್ಟು ಹೇಳುವುದಿಲ್ಲ. ಕಾಗಿಣಾ ಅಣ್ಣ, ನಿಮ್ಮ ಮನೆಯಲ್ಲಿ ಅದು ಎಲ್ಲಿದೆ ನೋಡಿಕೊಳ್ಳಿ.

ಕೆಲವು ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಸೇರಿರುತ್ತದೆ. ಬೇಸಿಗೆಯಲ್ಲಿ ಅದರಿಂದ ತಲೆಸುತ್ತು, ಸುಸ್ತು ಬರಬಹುದು. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಚೀಟಿ ತೆಗೆದುಕೊಂಡು ಹೋಗಿ ಡಾಕ್ಟರನ್ನು ಒಂದು ಮಾತು ಕೇಳಿ. ಬಿಪಿ ಇರುವವರು ದಿನವಿಡೀ ಉಪ್ಪು ಮಜ್ಜಿಗೆ ಕುಡಿಯುವುದೂ ಬೇಡ, ಉಪ್ಪಿಲ್ಲದ ನೀರು ಮಜ್ಜಿಗೆ ಕೊಡಿ.

ಓಆರ್‌ಎಸ್ ಬಗ್ಗೆ: ಒಂದು ಲೀಟರ್ ನೀರಿಗೆ ಕಲಸುವ ಪುಡಿ ಪ್ಯಾಕೆಟ್ಟೇ ತೆಗೆದುಕೊಳ್ಳಿ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸು ಅದಲ್ಲ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದು ವಾಂತಿ, ಭೇದಿ, ಜಾಸ್ತಿ ಬೆವರು ಹೋದಾಗ. ಶುಗರ್ ಇರುವ ಅವ್ವನಿಗೆ ಸುಮ್ನೆ ದಿನಾ ಕುಡಿಸುವ ಪಾನಕ ಅಲ್ಲ.

ಇನ್ನು ಎಲ್ಲರೂ ಗುರುತಿಟ್ಟುಕೊಳ್ಳಬೇಕಾದದ್ದು. ಕಾಲು ಸೆಳೆತ, ತಲೆಸುತ್ತು, ವಾಕರಿಕೆ ಇದ್ದರೆ ನೆರಳಿಗೆ ಕರೆದು ನೀರು ಕೊಟ್ಟು ಮಲಗಿಸಿ. ಮಾತು ತೊದಲಿದರೆ, ಏನೇನೋ ಮಾತಾಡಿದರೆ, ಮೈ ಸುಡುತ್ತಾ ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಮೈ ಶಾಖ 40 ದಾಟಿರುತ್ತದೆ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಕಾಯುತ್ತಾ ಕೂರಬೇಡಿ. ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಮೈಮೇಲೆ ಸುರಿಯಿರಿ, ಬೀಸಿ. ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಬಸವನಬಾಗೇವಾಡಿ ಬಸ್ಸು

ಜೇಬಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ತಗಲುವುದಿಲ್ಲ. ನಮ್ಮಜ್ಜ ಹಾಗೇ ಮಾಡುತ್ತಿದ್ದ.

ನರ್ಸಕ್ಕ ರಾಯಚೂರು

ಅಜ್ಜ ತಲೆಗೆ ರುಮಾಲು ಸುತ್ತುತ್ತಿದ್ದ, ಹನ್ನೆರಡಕ್ಕೆ ಹೊಲದಿಂದ ಬರುತ್ತಿದ್ದ, ಬಂದು ಅಂಬಲಿ ಕುಡಿಯುತ್ತಿದ್ದ. ಕೀರ್ತಿ ಮಾತ್ರ ಉಳ್ಳಾಗಡ್ಡಿಗೆ ಹೋಯಿತು. ರೊಟ್ಟಿ ಜೊತೆ ಕಡಿದು ತಿನ್ನಿ ತಮ್ಮಾ, ಬೇಡ ಅನ್ನುವುದಿಲ್ಲ.

ಶಾರ್ಜಾ ಕನ್ನಡಿಗ

ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ, ಕಾನೂನೇ ಇದೆ. ಊರಲ್ಲಿ ನಮ್ಮಪ್ಪನಿಗೆ ಕಾನೂನು ಹಾಕುವವರು ಯಾರು? ಮೋಟರ್ ಚಾಲೂ ಮಾಡುವ ನೆಪದಲ್ಲಿ ಸರಿಯಾಗಿ ಎರಡು ಗಂಟೆಗೇ ಹೊಲಕ್ಕೆ ಹೋಗುತ್ತಾರೆ. ಕರೆಂಟು ಕೊಡುವುದೇ ಆ ಹೊತ್ತಿಗೆ, ಅವರದ್ದೂ ತಪ್ಪಿಲ್ಲ.

ಕಾಗಿಣಾ ದಂಡೆ

ನರ್ಸಕ್ಕ, ಭಾಳ ಉಪಕಾರ. ಫೋನ್ ಮಾಡಿ ಕೇಳಿದೆ. ಪಾಯಖಾನೆ ಹಿತ್ತಲ ಆ ತುದಿಗಿದೆ, ದಾರಿಯಲ್ಲಿ ಲೈಟ್ ಇಲ್ಲ. ಅವ್ವ "ಸಂಜೆ ಮೇಲೆ ನೀರು ಕುಡಿಯಲ್ಲಪ್ಪ, ಚೇಳು ಗೀಳು ಇರ್ತಾವೆ" ಅಂದರು! ಇವತ್ತೇ ಚಿಕ್ಕಪ್ಪನ ಮಗನಿಗೆ ಹೇಳಿ ಒಂದು ಬಲ್ಬು ಹಾಕಿಸುತ್ತಿದ್ದೇನೆ.

ಕರೆಂಟು ಹೋದಾಗ ಫ್ರಿಜ್‌ನಲ್ಲಿರುವ ಇನ್ಸುಲಿನ್ ಏನು ಮಾಡುವುದು?

ನರ್ಸಕ್ಕ ರಾಯಚೂರು

ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ ಬಾಗಿಲು ಪದೇ ಪದೇ ತೆಗೆಯದಿದ್ದರೆ ಕೆಲವು ತಾಸು ತೊಂದರೆ ಇಲ್ಲ. ಮೇಲಿನ ಐಸ್ ಪೆಟ್ಟಿಗೆಗೆ ಮಾತ್ರ ಹಾಕಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಬಳಸುತ್ತಿರುವ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗಿಡಬಹುದು, ಡಬ್ಬಿ ಮೇಲೆ ಬರೆದಿರುತ್ತದೆ ನೋಡಿ. ಆದರೆ ಹೊರಗೆ ಅಂದರೆ 25, 30 ಡಿಗ್ರಿ, ನಮ್ಮೂರ 44 ಅಲ್ಲ.

ಎರಡು ಮಣ್ಣಿನ ಗಡಿಗೆ ತನ್ನಿ, ಒಂದು ಇನ್ನೊಂದರೊಳಗೆ ಕೂರುವಂಥವು. ಬಣ್ಣ ಬಳಿದದ್ದು ಬೇಡ. ನಡುವೆ ಉಸುಕು ತುಂಬಿ, ಬೆಳಿಗ್ಗೆ ಸಂಜೆ ಆ ಉಸುಕಿಗೆ ನೀರು ಹಾಕಿ. ಇನ್ಸುಲಿನ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿನ ಗಡಿಗೆಯಲ್ಲಿಟ್ಟು, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ. ಗಾಳಿಯಾಡುವ ನೆರಳಲ್ಲಿಡಿ, ಮುಚ್ಚಿದ ಕಪಾಟಿನಲ್ಲಲ್ಲ. ಫ್ರಿಜ್‌ನಷ್ಟು ತಂಪು ಬರುವುದಿಲ್ಲ, ಆದರೆ ಹೊರಗಿನ ಬಿಸಿಗಿಂತ ಎಷ್ಟೋ ಕಡಿಮೆ ಇರುತ್ತದೆ. ಒಂದು ಥರ್ಮಾಮೀಟರ್ ಒಳಗಿಟ್ಟು ನೋಡಿದರೆ ನಿಮಗೇ ಧೈರ್ಯ ಬರುತ್ತದೆ.

ಕಟಕ ರೊಟ್ಟಿ

ಗಂಡಸರೇ, ಅಡುಗೆಮನೆ ಯಾರೂ ನೆನೆಸಲಿಲ್ಲ. ನಿಮ್ಮವ್ವ ರೊಟ್ಟಿ ಬಡಿಯುವುದು ಎಲ್ಲಿ, ಎಷ್ಟು ಹೊತ್ತಿಗೆ? ನಮ್ಮತ್ತೆ ಹಿತ್ತಲ ತಗಡಿನ ಕೆಳಗೆ, ಕಟ್ಟಿಗೆ ಒಲೆ ಮುಂದೆ, ಹನ್ನೊಂದಕ್ಕೆ ಶುರು ಮಾಡುತ್ತಿದ್ದರು. ಮೇಲೆ ತಗಡು, ಕೆಳಗೆ ಬೆಂಕಿ. ಮಾವನವರಿಗೆ ಬಿಸಿ ರೊಟ್ಟಿಯೇ ಆಗಬೇಕು.

ಈಗ ನಾವು ಬೆಳಿಗ್ಗೆ ಐದಕ್ಕೆ ಕೂತು ಕಟಕ ರೊಟ್ಟಿ ಮಾಡಿಬಿಡುತ್ತೇವೆ. ವಾರಗಟ್ಟಲೆ ಇರುತ್ತವೆ, ಮಾಡಿದ ದಿನ ಬಿಟ್ಟರೆ ಒಲೆ ಮುಂದೆ ಕೂರುವ ಹಾಗಿಲ್ಲ. ಪಲ್ಯವೂ ಅದೇ ತಂಪು ಹೊತ್ತಲ್ಲಿ ಮುಗಿಸಿ. ಮಧ್ಯಾಹ್ನ ಶೇಂಗಾ ಹಿಂಡಿ, ಮೊಸರು, ಸೌತೆಕಾಯಿ, ಹಸಿ ಉಳ್ಳಾಗಡ್ಡಿ ಸಾಕು. ರಾತ್ರಿಗೆ ಜೋಳದ ನುಚ್ಚು ಮಜ್ಜಿಗೆ. ಮಾವನವರು ಮೊದಲ ವಾರ ಗೊಣಗಿದರು. ಆಮೇಲೆ ಹಲ್ಲಿಗೆ ಗಟ್ಟಿ ಅಂತ ಮಜ್ಜಿಗೆಯಲ್ಲಿ ನೆನೆಸಿಕೊಂಡು ಸುಮ್ಮನೆ ತಿನ್ನುತ್ತಿದ್ದಾರೆ.

ನಿವೃತ್ತ ಮಾಸ್ತರ

ನಾನೂ ಕಲಬುರಗಿ ಜಿಲ್ಲೆಯವನೇ. ಸರಕಾರಿ ಕಚೇರಿಗಳನ್ನೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಸುವ ಸೀಮೆ ನಮ್ಮದು. ಬಿಸಿಲಿಗೆ ತಕ್ಕ ಹಾಗೆ ಹೊತ್ತು ಬದಲಿಸುವುದು ನಮಗೇನೂ ಹೊಸದಲ್ಲ.

ಕಾಗಿಣಾ ದಂಡೆಯವರೇ, ಒಂದು ಪ್ರಶ್ನೆ. ಹಿಂದಿನ ಅರ್ಧ ಮಾಳಿಗೆ ಮನೆ ಹಾಗೇ ಇದೆ ಅಂದಿರಿ. ಅದರಲ್ಲಿ ಈಗ ಯಾರಿದ್ದಾರೆ?

ಕಾಗಿಣಾ ದಂಡೆ

ಯಾರೂ ಇಲ್ಲ ಸರ್. ತೊಗರಿ ಚೀಲ, ಹಳೇ ಪೈಪು, ಹೊಟ್ಟು. ರೇಟು ಬರಲಿ ಅಂತ ಅಪ್ಪ ತೊಗರಿ ಮಾರಿಲ್ಲ.

ನಿವೃತ್ತ ಮಾಸ್ತರ

ಊರಲ್ಲೇ ತಂಪಾದ ಕೋಣೆಯಲ್ಲಿ ತೊಗರಿ ಮಲಗಿದೆ, ಮನುಷ್ಯರು ಕಾಂಕ್ರೀಟಿನ ಕೆಳಗೆ ಬೇಯುತ್ತಿದ್ದಾರೆ!

ನೋಡಿ, ಎರಡಡಿ ದಪ್ಪ ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಒಂದಡಿಗೂ ಮಿಕ್ಕಿ ಮಣ್ಣು. ಹಗಲ ಕಾವು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಮಧ್ಯಾಹ್ನ ಹನ್ನೊಂದರಿಂದ ಐದರವರೆಗೆ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ರಾತ್ರಿಗೆ ಅದಲ್ಲ. ಕಿಟಕಿ ಕಡಿಮೆ, ಬೆಳಕಿಂಡಿಯೊಂದೇ ಗತಿ, ರಾತ್ರಿ ಒಳಗೆ ಸೆಕೆ. ಅದಕ್ಕೇ ಹಿರಿಯರು ಹಗಲು ಒಳಗೆ, ರಾತ್ರಿ ಅಂಗಳದಲ್ಲಿ ಇರುತ್ತಿದ್ದರು. ಮನೆ ಅರ್ಧ, ಅಂಗಳ ಅರ್ಧ ಸೇರಿದರೇ ಆ ಲೆಕ್ಕ ಸರಿಹೋಗುತ್ತಿತ್ತು. ನಾವು ಅಂಗಳಕ್ಕೂ ಸ್ಲ್ಯಾಬ್ ಹಾಕಿ, ಒಂದೇ ರೂಮಿನಲ್ಲಿ ಹಗಲೂ ರಾತ್ರಿಯೂ ಇರಲು ಹೊರಟಿದ್ದೇವೆ.

ತೊಗರಿ ಮುಂದಿನ ಹಾಲ್‌ಗೆ ಸಾಗಿಸಿ. ಅದಕ್ಕೆ ಬಿಸಿಯಿಂದ ನಷ್ಟವಿಲ್ಲ. ಹಿಂದಿನ ಕೋಣೆ ಗುಡಿಸಿ, ನೆಲ ಸಾರಿಸಿ, ಮೂಲೆಯಲ್ಲಿ ಚೇಳು ನೋಡಿ, ಒಂದು ಹೊರಸು ಹಾಕಿ. ರಾತ್ರಿಗೆ ಅಂಗಳದಲ್ಲಿ ಇನ್ನೊಂದು ಹೊರಸು, ಸೊಳ್ಳೆ ಪರದೆ. ನೆಲದ ಮೇಲೆ ಮಾತ್ರ ಬೇಡ, ಈ ದಿನಗಳಲ್ಲಿ ಹಾವು ಚೇಳು ತಂಪು ಹುಡುಕಿಕೊಂಡು ಬರುತ್ತವೆ. ಹೊರಸಿನ ಕಾಲು ಗೋಡೆಗೆ ತಾಗದಿರಲಿ.

ಹೊಸಪೇಟೆ ಕಡೆಯವ

ಮಾಸ್ತರೇ, ಹೇಳುವುದು ಸುಲಭ. ಈಗಿನ ರಾತ್ರಿಗಳು ಹಳೇ ರಾತ್ರಿಗಳಾ? ನಡುರಾತ್ರಿಯಾದರೂ ಅಂಗಳದಲ್ಲಿ 32, 33 ತೋರಿಸುತ್ತದೆ. ಎಸಿಯೇ ಬೇಡ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ನರ್ಸಕ್ಕ ರಾಯಚೂರು

ಇವರ ಮಾತಲ್ಲೂ ಹುರುಳಿದೆ. ಹಾಸಿಗೆ ಹಿಡಿದವರು, ಹೃದಯದ ತೊಂದರೆ ಇರುವವರು, ಚೊಚ್ಚಲ ಬಾಣಂತಿ ಇರುವ ಮನೆಗೆ ಒಂದು ತಂಪು ರೂಮು ಬೇಕೇ ಬೇಕು. ದಿನಕ್ಕೆ ಕೆಲವು ತಾಸು ಮೈ ತಣಿದರೂ ಎಷ್ಟೋ ಉಪಯೋಗ. ಇನ್ನು ಫ್ಯಾನ್: ರೂಮಿನ ಬಿಸಿ 40 ದಾಟಿದಾಗ ಬರೀ ಫ್ಯಾನ್ ಹಾಕಿದರೆ ಬಿಸಿ ಗಾಳಿ ಮೈಗೆ ಬಡಿದು ಇನ್ನೂ ಕೆಡುಕು. ತೋಳು, ಕುತ್ತಿಗೆ ಒದ್ದೆ ಮಾಡಿಕೊಂಡು ತಂಪಾದ ಕೋಣೆಯಲ್ಲಿ ಕೂರಿ.

ಕಾಗಿಣಾ ದಂಡೆ

ಶನಿವಾರ ಊರಿಗೆ ಬಂದೆ. ಮಾಸ್ತರರ ಮಾತು ಅಪ್ಪನಿಗೆ ಓದಿ ಹೇಳಿದೆ. "ಯಾರಪ್ಪ ಇವರು, ಬುದ್ಧಿವಂತರಿದ್ದಾರೆ" ಅಂದರು. ನಾನು ಹೇಳಿದ್ದರೆ ಇಷ್ಟು ಬೇಗ ಒಪ್ಪುತ್ತಿರಲಿಲ್ಲ. ಚೀಲಗಳನ್ನು ಹಾಲ್‌ಗೆ ಸಾಗಿಸಿದೆವು. ಹಿಂದಿನ ಕೋಣೆಯಲ್ಲಿ ಮೂರು ಗಂಟೆಗೆ ಥರ್ಮಾಮೀಟರ್ 34 ತೋರಿಸಿತು, ಪಶ್ಚಿಮದ ರೂಮಿನಲ್ಲಿ 41. ಸ್ಲ್ಯಾಬ್‌ಗೆ ಸುಣ್ಣ ಎರಡು ಕೋಟ್ ಆಗಿದೆ. ಕೂಲರ್ ನಾಳೆ ಸೇಡಂನಿಂದ ಬರುತ್ತದೆ. ಎಸಿ ಸದ್ಯಕ್ಕೆ ಬಿಟ್ಟಿದ್ದೇನೆ. ಕರೆಂಟು ಸರಿಹೋದರೆ ಮುಂದಿನ ವರ್ಷ ನೋಡೋಣ.

ಇನ್ನೆರಡು ಕೇಳುವುದಿತ್ತು. ಎಮ್ಮೆ ಹಾಲು ಅರ್ಧಕ್ಕೆ ಇಳಿಸಿದೆ. ಮತ್ತೆ ಅಂಗಳದ ಮೇಲೆ ತೊಗರಿ ಕಟ್ಟಿಗೆ ಚಪ್ಪರ ಹಾಕಬಹುದಾ?

ತುಂಗಭದ್ರಾ ಎಡದಂಡೆ

ಎಮ್ಮೆಗೆ ಕಪ್ಪು ಚರ್ಮ, ಬೆವರೂ ಕಡಿಮೆ. ಅದಕ್ಕೇ ಅದು ಕೆಸರು ಹುಡುಕುವುದು. ಹೊಂಡ ಇಲ್ಲದಿದ್ದರೆ ದಿನಕ್ಕೆ ಎರಡು ಮೂರು ಸಲ ಮೈಗೆ ನೀರು ಹಾಕಿ, ಬೆನ್ನ ಮೇಲೆ ಒದ್ದೆ ಗೋಣಿ ಚೀಲ ಹಾಕಿ. ಬಾನಿಯಲ್ಲಿ ನೀರು ಯಾವಾಗಲೂ ಇರಲಿ, ಬಾನಿ ನೆರಳಲ್ಲಿರಲಿ. ಮೇವು ಬೆಳಿಗ್ಗೆ ಬೇಗ ಮತ್ತೆ ಕತ್ತಲಾದ ಮೇಲೆ ಕೊಡಿ. ಒಣ ಕಣಿಕೆಯ ಜೊತೆ ಸ್ವಲ್ಪ ಹಸಿ ಸೇರಿದರೆ ಒಳ್ಳೆಯದು. ಆದರೆ ಅಡ್ಡಮಳೆ ಒಂದು ಬಿದ್ದ ಕೂಡಲೇ ಕೊಯ್ದ ಜೋಳದ ಕೂಳೆ ಚಿಗುರುತ್ತದಲ್ಲ, ಅತ್ತ ಮಾತ್ರ ಬಿಡಬೇಡಿ. ಆ ಎಳೆ ಚಿಗುರಲ್ಲಿ ವಿಷ ಇರುತ್ತದೆ, ನಿಂತ ನಿಲುವಿನಲ್ಲೇ ದನ ಬೀಳುತ್ತವೆ.

ಗಾರೆ ಕೆಲಸ ಯಾದಗಿರಿ

ತೊಗರಿ ಕಟ್ಟಿಗೆ ಚಪ್ಪರ ತಂಪು ಹೌದು, ಒಂದು ಕಿಡಿ ಸಾಕು ಉರಿದುಹೋಗಲು. ಒಲೆ, ಬೀಡಿ, ವೈರು ಹತ್ತಿರ ಇದ್ದರೆ ಬೇಡವೇ ಬೇಡ. ಹಸಿರು ಶೇಡ್ ನೆಟ್ ಕಟ್ಟಿ. ಸ್ಲ್ಯಾಬ್ ಮೇಲೂ ಅದನ್ನೇ ಮೂರಡಿ ಎತ್ತರಕ್ಕೆ ಕಟ್ಟಬಹುದು, ಕೆಳಗೆ ಗಾಳಿಯಾಡಬೇಕು. ಅಡ್ಡಮಳೆಯ ಗಾಳಿಗೆ ಹಾರದ ಹಾಗೆ ತಂತಿಯಲ್ಲಿ ಬಿಗಿಯಿರಿ.

ಮೂರನೇ ಕೋಟ್ ಬಿಡಬೇಡಿ. ಎರಡಕ್ಕೇ ನಿಲ್ಲಿಸಿದರೆ ಓಡಾಡಿದ ಕಡೆ ಸಿಮೆಂಟು ಕಾಣುತ್ತದೆ.

ಕಟಕ ರೊಟ್ಟಿ

ಸುಣ್ಣ ಹೊಡೆದ ಮಾಳಿಗೆ ಮೇಲೆ ಸಂಡಿಗೆ, ಮೆಣಸಿನಕಾಯಿ ಒಣಗಿಸಬಹುದಾ? ನಮ್ಮ ಮನೆಯವರು ಅದಕ್ಕೇ ಬೇಡ ಅನ್ನುತ್ತಿದ್ದಾರೆ.

ಗಾರೆ ಕೆಲಸ ಯಾದಗಿರಿ

ಒಣಗಿಸಿ ಅಕ್ಕಾ. ಕೆಳಗೆ ತಾಡಪತ್ರಿ, ಅದರ ಮೇಲೆ ಹಳೇ ಸೀರೆ ಹಾಸಿ, ಸುಣ್ಣದ ಪುಡಿ ಹತ್ತುವುದಿಲ್ಲ. ಎಂಟು ಗಂಟೆಯೊಳಗೆ ಹರವಿ ಇಳಿದುಬಿಡಿ. ಆಮೇಲೆ ಹತ್ತಿದರೆ ಆ ಬಿಳಿಗೆ ಕಣ್ಣು ಬಿಡಲಾಗುವುದಿಲ್ಲ.